ಯಾವ ನೀರಿಗೆ ಓಝೋನ್, ಯಾವ ಹೊಂಡಕ್ಕೆ ನ್ಯಾನೋಗುಳ್ಳೆ?

ಬೆಳಗಿನ ಜಾವ ನಾಲ್ಕರಿಂದ ಆರರವರೆಗೆ ಸಿಗಡಿ ಹೊಂಡದ ಬದುವಿನ ಮೇಲೆ ಕಾವಲು ನಿಲ್ಲುವವರಿಗೆ ಒಂದೇ ಚಿಂತೆ: ಕರೆಂಟು ಹೋಗಬಾರದು, ಏರೇಟರ್ ನಿಲ್ಲಬಾರದು. ಹಗಲಲ್ಲಿ ಪಾಚಿ ಬಿಸಿಲಿನಿಂದ ಮಾಡಿಟ್ಟ ಆಮ್ಲಜನಕವನ್ನು ರಾತ್ರಿ ಅದೇ ಪಾಚಿ, ಸಿಗಡಿ, ತಳದ ಕೆಸರಿನ ಬ್ಯಾಕ್ಟೀರಿಯ ಎಲ್ಲವೂ ಸೇರಿ ಉಸಿರಾಡಿ ಖಾಲಿ ಮಾಡಿರುತ್ತವೆ. ಮಧ್ಯಾಹ್ನ ಲೀಟರಿಗೆ ಎಂಟು ಮಿಲಿಗ್ರಾಂ ಇದ್ದದ್ದು ಜಾವಕ್ಕೆ ಮೂರರ ಕೆಳಗೆ ಇಳಿದರೆ ಸಿಗಡಿ ಮೇವು ಬಿಡುತ್ತದೆ. ಇನ್ನೂ ಇಳಿದರೆ ಮೇಲಕ್ಕೆ ಬಂದು ಅಂಚಿನಲ್ಲಿ ಗುಂಪುಗೂಡುತ್ತದೆ, ಬೆಳಕಾಗುವಷ್ಟರಲ್ಲಿ ಇಡೀ ಬೆಳೆಯೇ ಹೋಗಿರಬಹುದು.

ಇದರ ಜೊತೆಗೆ ರೋಗದ ಭಯ. 1990ರ ದಶಕದ ಮಧ್ಯದಲ್ಲಿ ಬಿಳಿಚುಕ್ಕೆ ವೈರಸ್ ಭಾರತದ ಕರಾವಳಿಯ ಸಿಗಡಿ ಕೃಷಿಯನ್ನು ನೆಲಕಚ್ಚಿಸಿತು. 2009ರಲ್ಲಿ ವನ್ನಾಮೈ ಸಿಗಡಿಗೆ ಅನುಮತಿ ಸಿಕ್ಕಿ ಕಸುಬು ಮತ್ತೆ ಚಿಗುರಿದ ಮೇಲೆ ವಿಬ್ರಿಯೊ ಬ್ಯಾಕ್ಟೀರಿಯ ಮತ್ತು ಸಿಗಡಿಯ ಬೆಳವಣಿಗೆಯನ್ನೇ ಕುಂಠಿತಗೊಳಿಸುವ ಇ.ಎಚ್.ಪಿ. ಪರಾವಲಂಬಿ ಕಾಡತೊಡಗಿದವು. ಆಂಟಿಬಯಾಟಿಕ್ ಹಾಕೋಣವೆಂದರೆ ಕ್ಲೋರಾಂಫೆನಿಕಾಲ್, ನೈಟ್ರೋಫ್ಯುರಾನ್‌ಗಳ ಲವಲೇಶ ಸಿಕ್ಕರೂ ವಿದೇಶಿ ಬಂದರಿನಿಂದ ಕಂಟೇನರ್ ವಾಪಸು. ಕೋಳಿ, ಹಂದಿ, ಹಸುಗಳ ಕಡೆಯೂ ಕೈ ಕಟ್ಟಿದೆ: ಮನುಷ್ಯರಿಗೆ ಕೊನೆಯ ಮದ್ದಾಗಿ ಉಳಿಸಿಕೊಳ್ಳಬೇಕಾದ ಕೊಲಿಸ್ಟಿನ್ ಅನ್ನು ಆಹಾರದ ಪ್ರಾಣಿಗಳಿಗೆ ಬಳಸುವುದನ್ನು ಭಾರತ 2019ರಲ್ಲಿ ನಿಷೇಧಿಸಿತು. ಆ ನಿಷೇಧ ಸರಿಯೇ. ಆದರೆ ಮದ್ದು ಕಿತ್ತುಕೊಂಡ ಜಾಗದಲ್ಲಿ ರೈತನ ಕೈಗೆ ಏನು ಕೊಟ್ಟೆವು? ಆ ಖಾಲಿ ಜಾಗಕ್ಕೆ ಇಂದು ನ್ಯಾನೋಗುಳ್ಳೆ ಯಂತ್ರಗಳೂ ಓಝೋನ್ ಜನರೇಟರುಗಳೂ ಬಂದು ನಿಂತಿವೆ. ಆಮ್ಲಜನಕ ಹೆಚ್ಚುತ್ತದೆ, ರೋಗಾಣು ಸಾಯುತ್ತದೆ, ಮೇವು ಉಳಿಯುತ್ತದೆ, ಹಾಲು ಏರುತ್ತದೆ ಎಂದು ಕರಪತ್ರಗಳು ಹೇಳುತ್ತವೆ. ಈ ಮಾತುಗಳಲ್ಲಿ ನಿಜವೂ ಇದೆ. ಆದರೆ ಆ ನಿಜ ಎಲ್ಲ ನೀರಿಗೂ ಅನ್ವಯಿಸುವುದಿಲ್ಲ. ಯಂತ್ರ ಎಷ್ಟು ಶಕ್ತಿಯದು ಎಂದು ಕೇಳುವ ಮೊದಲು ನಮ್ಮ ನೀರು ಎಂಥದು ಎಂದು ಕೇಳಿಕೊಳ್ಳಬೇಕು ಎಂಬುದೇ ಈ ಲೇಖನದ ಒಟ್ಟು ವಾದ.

ಮೊದಲಿಗೆ ಎರಡು ಸಂಗತಿಗಳನ್ನು ಬೇರೆ ಮಾಡಬೇಕು. ನ್ಯಾನೋಗುಳ್ಳೆ ಎಂಬುದು ಅನಿಲವನ್ನು ನೀರಿಗೆ ಸೇರಿಸುವ ಒಂದು ಬಗೆ. ಒಳಗಿನ ಅನಿಲ ಗಾಳಿಯಾಗಿರಬಹುದು, ಶುದ್ಧ ಆಮ್ಲಜನಕವಾಗಿರಬಹುದು, ಓಝೋನ್ ಆಗಿರಬಹುದು. ಓಝೋನ್ ಒಂದು ರಾಸಾಯನಿಕ. ಅದನ್ನು ಸಾಧಾರಣ ಗುಳ್ಳೆಗಳಲ್ಲೂ ನೀರಿಗೆ ಹಾಯಿಸಬಹುದು, ನೂರು ವರ್ಷಕ್ಕೂ ಹಿಂದಿನಿಂದ ಹಾಯಿಸುತ್ತಲೇ ಬಂದಿದ್ದಾರೆ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಮಾರುವುದರಿಂದ ಒಂದರ ಗುಣ ಇನ್ನೊಂದರ ಲೆಕ್ಕಕ್ಕೆ ಸೇರಿಹೋಗುತ್ತದೆ.

ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐ.ಎಸ್.ಒ. 2017ರಲ್ಲಿ ಒಂದು ಮೈಕ್ರಾನಿಗಿಂತ ಚಿಕ್ಕ ಗುಳ್ಳೆಗಳಿಗೆ ಅತಿಸೂಕ್ಷ್ಮ ಗುಳ್ಳೆ ಎಂಬ ವರ್ಗವನ್ನೇ ಗೊತ್ತುಮಾಡಿತು. ಮಾರುಕಟ್ಟೆಯ ನ್ಯಾನೋಗುಳ್ಳೆ ಇದೇ. ಒಂದು ಮಿಲಿಮೀಟರ್ ಗಾತ್ರದ ಗುಳ್ಳೆ ಹೊಂಡದ ತಳದಿಂದ ಕೆಲವೇ ಸೆಕೆಂಡಿನಲ್ಲಿ ಮೇಲೆ ಬಂದು ಒಡೆಯುತ್ತದೆ. ಹತ್ತು ಮೈಕ್ರಾನಿನದು ಗಂಟೆಗೆ ಸುಮಾರು 20 ಸೆಂಟಿಮೀಟರ್ ಏರುತ್ತದೆ. 100 ನ್ಯಾನೋಮೀಟರಿನದಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಅರ್ಧ ಮಿಲಿಮೀಟರ್. ನೀರಿನ ಕಣಗಳ ತಳ್ಳಾಟದಲ್ಲಿ ಅದು ಏರುವುದೇ ಇಲ್ಲ ಎನ್ನಬೇಕು. ಇಲ್ಲೊಂದು ನಿಜವಾದ ವೈಜ್ಞಾನಿಕ ಒಗಟಿದೆ. ಗುಳ್ಳೆ ಚಿಕ್ಕದಾದಷ್ಟೂ ನೀರಿನ ಮೇಲ್ಮೈ ಸೆಳೆತ ಅದನ್ನು ಹಿಂಡುತ್ತದೆ. 100 ನ್ಯಾನೋಮೀಟರ್ ಗುಳ್ಳೆಯ ಒಳಗೆ ಸುಮಾರು 30 ವಾಯುಮಂಡಲದ ಒತ್ತಡ ಇರಬೇಕು. 1950ರಲ್ಲಿ ಎಪ್‌ಸ್ಟೈನ್ ಮತ್ತು ಪ್ಲೆಸೆಟ್ ರೂಪಿಸಿದ ಸಿದ್ಧಾಂತದ ಪ್ರಕಾರ ಅಂಥ ಗುಳ್ಳೆ ಕಣ್ಣುಮಿಟುಕಿಸುವ ಮೊದಲೇ ಕರಗಿಹೋಗಬೇಕು. ಆದರೂ ವಾರಗಟ್ಟಲೆ ಉಳಿಯುತ್ತವೆ ಎಂಬ ವರದಿಗಳಿವೆ. ಮೇಲ್ಮೈಯ ಋಣ ವಿದ್ಯುದಂಶ ಕಾರಣ ಎನ್ನುವವರಿದ್ದಾರೆ, ಗುಳ್ಳೆಗೆ ಅಂಟಿದ ಸಾವಯವ ಪೊರೆ ಕಾರಣ ಎನ್ನುವವರಿದ್ದಾರೆ, ನೋಡುತ್ತಿರುವುದು ಗುಳ್ಳೆಯೇ ಅಲ್ಲ ಎನ್ನುವವರೂ ಇದ್ದಾರೆ.

ಈ ಮೂರನೆಯವರ ಮಾತನ್ನು ರೈತ ಕೇಳಿಸಿಕೊಳ್ಳಬೇಕು. ಯಂತ್ರ ತೋರಿಸಲು ಬಂದವರು ಸಾಮಾನ್ಯವಾಗಿ ಒಂದು ಗಾಜಿನ ಲೋಟದಲ್ಲಿ ಯಂತ್ರದ ನೀರು ಹಿಡಿದು, ಕೋಣೆಯ ದೀಪ ಆರಿಸಿ, ಹಸಿರು ಲೇಸರ್ ಹಾಯಿಸುತ್ತಾರೆ. ಪಕ್ಕದ ಲೋಟದ ಮಾಮೂಲಿ ನೀರಿನಲ್ಲಿ ಏನೂ ಕಾಣುವುದಿಲ್ಲ. ಯಂತ್ರದ ನೀರಿನಲ್ಲಿ ಬೆಳಕಿನ ಗೆರೆ ಲೋಟದ ಈ ತುದಿಯಿಂದ ಆ ತುದಿಗೆ ಹೊಳೆಯುತ್ತದೆ. ನೋಡಿದವರು ಒಪ್ಪಿಬಿಡುತ್ತಾರೆ. ಪಕ್ಕದಲ್ಲಿ ಮೂರನೆಯದೊಂದು ಲೋಟವನ್ನು ನೀವೇ ಇಡಿ: ಮಾಮೂಲಿ ನೀರಿಗೆ ಒಂದು ಹನಿ ಹಾಲು ಬಿಟ್ಟು ಕಲಕಿ, ಅದೇ ಲೇಸರ್ ಹಾಯಿಸಿ. ಗೆರೆ ಅಷ್ಟೇ ಚೆನ್ನಾಗಿ ಹೊಳೆಯುತ್ತದೆ. ಬೆಳಕನ್ನು ಚದುರಿಸಲು ಯಾವುದೇ ಸೂಕ್ಷ್ಮ ಕಣ ಸಾಕು. ಪಂಪಿನ ಎಣ್ಣೆ, ಸೀಲಿನ ಸವೆತ, ಲೋಹದ ಪುಡಿ ಎಲ್ಲವೂ ಆ ಕೆಲಸ ಮಾಡುತ್ತವೆ. ಪ್ರಯೋಗಾಲಯದಲ್ಲಿ ಕಣಗಳ ಓಡಾಟ ನೋಡಿ ಎಣಿಸುವ ದುಬಾರಿ ಯಂತ್ರಕ್ಕೂ ಗುಳ್ಳೆ ಯಾವುದು, ಕೊಳೆ ಯಾವುದು ಎಂದು ತಾನಾಗಿ ಗೊತ್ತಾಗುವುದಿಲ್ಲ. ಆದ್ದರಿಂದ ಮಿಲಿಲೀಟರಿಗೆ ಇಷ್ಟು ಕೋಟಿ ಗುಳ್ಳೆ ಎಂಬ ಸಂಖ್ಯೆಯ ಮೇಲೆ ಹಣ ಹೂಡಬಾರದು.

ಆ ಸಂಖ್ಯೆಯನ್ನು ಹಾಗೆಯೇ ನಂಬಿದರೂ ಲೆಕ್ಕ ಏನು ಹೇಳುತ್ತದೆ ನೋಡೋಣ. ಮಿಲಿಲೀಟರಿಗೆ ಹತ್ತು ಕೋಟಿ ಗುಳ್ಳೆಗಳು, ಪ್ರತಿಯೊಂದೂ 100 ನ್ಯಾನೋಮೀಟರ್, ಒಳಗೆ 30 ವಾಯುಮಂಡಲದ ಒತ್ತಡದಲ್ಲಿ ಶುದ್ಧ ಆಮ್ಲಜನಕ ಎಂದಿಟ್ಟುಕೊಳ್ಳಿ. ಎಲ್ಲ ಗುಳ್ಳೆಗಳನ್ನೂ ಒಡೆದು ಕೂಡಿಸಿದರೆ ಸಿಗುವುದು ಲೀಟರಿಗೆ ಸುಮಾರು 0.002 ಮಿಲಿಗ್ರಾಂ. 28 ಡಿಗ್ರಿಯ ಸಿಹಿನೀರು ಯಾವ ಗುಳ್ಳೆಯೂ ಇಲ್ಲದೆ ತನ್ನಷ್ಟಕ್ಕೆ ಕರಗಿಸಿಕೊಳ್ಳುವ ಆಮ್ಲಜನಕ ಲೀಟರಿಗೆ 7.8 ಮಿಲಿಗ್ರಾಂ. ಅಂದರೆ ಗುಳ್ಳೆಗಳು ಆಮ್ಲಜನಕದ ಉಗ್ರಾಣವಾಗಿ ರಾತ್ರಿಯಿಡೀ ನೀರಿಗೆ ಪೂರೈಸುತ್ತವೆ ಎಂಬ ವಿವರಣೆ ನಿಲ್ಲುವುದಿಲ್ಲ. ಹಾಗಾದರೆ ಕೆಲವು ಹೊಂಡಗಳಲ್ಲಿ ಆಮ್ಲಜನಕದ ಮೀಟರ್ ನಿಜವಾಗಿಯೂ ಏರುತ್ತದಲ್ಲ? ಏರುತ್ತದೆ. ಯಂತ್ರದೊಳಗಿನ ಒತ್ತಡದಲ್ಲಿ ಅನಿಲ ಪುಡಿಪುಡಿಯಾಗಿ, ನೀರಿನೊಡನೆ ಅಪಾರ ಮೇಲ್ಮೈಯಲ್ಲಿ ಸಂಪರ್ಕಕ್ಕೆ ಬಂದು, ಅಲ್ಲೇ ಕರಗಿಬಿಡುತ್ತದೆ. ಕೆಲಸ ನಡೆಯುವುದು ಕರಗುವ ಆ ಕ್ಷಣದಲ್ಲಿ. ಉಳಿದ ಗುಳ್ಳೆಗಳಿಂದ ಆಮ್ಲಜನಕದ ಲೆಕ್ಕಕ್ಕೆ ಸೇರುವುದು ಏನೂ ಇಲ್ಲ.

ಇದು ತಿಳಿದರೆ ನ್ಯಾನೋಗುಳ್ಳೆ ಎಲ್ಲಿ ಲಾಭ ಎಂಬುದೂ ತಿಳಿಯುತ್ತದೆ. ಸಿಲಿಂಡರಿನಿಂದಲೋ ಕಾನ್ಸಂಟ್ರೇಟರಿನಿಂದಲೋ ದುಡ್ಡು ಕೊಟ್ಟು ತಂದ ಶುದ್ಧ ಆಮ್ಲಜನಕ ಹಾಯಿಸುವ ಕಡೆ ಒಂದು ಗುಳ್ಳೆಯೂ ಮೇಲೆ ಹೋಗಿ ವ್ಯರ್ಥವಾಗದಿರುವುದು ದೊಡ್ಡ ಉಳಿತಾಯ. ಕಿಕ್ಕಿರಿದು ಮೀನು ಸಾಕುವ ತೊಟ್ಟಿ, ಹ್ಯಾಚರಿ, ಮರಿ ಸಾಗಿಸುವ ಟ್ಯಾಂಕು ಇವೆಲ್ಲ ಆ ಪೈಕಿ. ಗಾಳಿ ಪುಕ್ಕಟೆ ಸಿಗುವ ಬಯಲು ಹೊಂಡದಲ್ಲಿ ಲೆಕ್ಕವೇ ಬೇರೆ. ಅಮೆರಿಕದ ಅಲಬಾಮಾದಲ್ಲಿ ಕ್ಲಾಡ್ ಬಾಯ್ಡ್ ಮೀನು ಹೊಂಡಗಳ ಏರೇಟರುಗಳನ್ನು ದಶಕಗಳ ಕಾಲ ಅಳೆದವರು. ಅವರ ಅಳತೆಯಂತೆ ಒಳ್ಳೆಯ ಪ್ಯಾಡಲ್ ವೀಲ್ ಏರೇಟರ್ ಮಾನಕ ಪರೀಕ್ಷೆಯಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಎರಡು ಕಿಲೋಗ್ರಾಮಿನ ಆಸುಪಾಸು ಆಮ್ಲಜನಕ ಕರಗಿಸುತ್ತದೆ. ಯಾವ ಹೊಸ ಯಂತ್ರ ಬಂದರೂ ಯೂನಿಟ್ಟಿಗೆ ಎಷ್ಟು ಕಿಲೋ ಎಂಬ ಈ ಒಂದು ಅಂಕಿಯ ಮುಂದೆ ನಿಲ್ಲಬೇಕು. ಅಲ್ಲದೆ ಪ್ಯಾಡಲ್ ವೀಲ್ ಆಮ್ಲಜನಕವಷ್ಟೇ ಕೊಡುವುದಿಲ್ಲ. ನೀರನ್ನು ಸುತ್ತಿಸಿ ಕಸವನ್ನು ಹೊಂಡದ ನಡುವಿಗೆ ಗುಡಿಸುತ್ತದೆ, ಮೇಲಿನ ಕೆಳಗಿನ ನೀರನ್ನು ಬೆರೆಸುತ್ತದೆ, ಇಂಗಾಲದ ಡೈಆಕ್ಸೈಡನ್ನು ಹೊರಹಾಕುತ್ತದೆ. ಈ ಮೂರನ್ನೂ ಮಾಡದ ಯಂತ್ರಕ್ಕಾಗಿ ಅದನ್ನು ಕಿತ್ತುಹಾಕುವುದು ಅಪಾಯ. ಮತ್ತೊಂದು ಎಚ್ಚರಿಕೆ: ಒತ್ತಡದಲ್ಲಿ ಗಾಳಿ ತುಂಬಿದರೆ ಸಾರಜನಕವೂ ಮಿತಿ ಮೀರಿ ಕರಗುತ್ತದೆ. ಒಟ್ಟು ಅನಿಲದೊತ್ತಡ ಸಹಜ ಮಟ್ಟದ ಶೇಕಡಾ 110 ದಾಟಿದರೆ ಮೀನಿನ ರಕ್ತದಲ್ಲಿ, ಕಿವಿರಿನಲ್ಲಿ, ಕಣ್ಣಿನ ಹಿಂದೆ ಗುಳ್ಳೆ ಕಟ್ಟುವ ರೋಗ ಬರುತ್ತದೆ.

ಇನ್ನು ಓಝೋನ್. ಬಾಸೆಲ್ ನಗರದ ರಸಾಯನಶಾಸ್ತ್ರಜ್ಞ ಶೋನ್‌ಬೈನ್ 1839ರಲ್ಲಿ ಇದನ್ನು ಗುರುತಿಸಿದ, 1857ರಲ್ಲಿ ವೆರ್ನರ್ ಸೀಮೆನ್ಸ್ ಗಾಜಿನ ಕೊಳವೆಯಲ್ಲಿ ವಿದ್ಯುತ್ ವಿಸರ್ಜನೆಯಿಂದ ಇದನ್ನು ಮಾಡುವ ಸಾಧನ ಕಟ್ಟಿದ. 1906ರಿಂದ ಫ್ರಾನ್ಸಿನ ನೀಸ್ ನಗರ ಕುಡಿಯುವ ನೀರಿಗೆ ಬಳಸಿತು. ಮೂರು ಆಮ್ಲಜನಕ ಪರಮಾಣುಗಳ ಈ ಅನಿಲ ಕ್ಲೋರಿನ್‌ಗಿಂತ ಬಲವಾದ ಉತ್ಕರ್ಷಕ. ಬ್ಯಾಕ್ಟೀರಿಯ, ವೈರಸ್, ನೀರಿನ ಬಣ್ಣ, ವಾಸನೆ, ಕಬ್ಬಿಣ, ನೈಟ್ರೈಟ್ ಎಲ್ಲವನ್ನೂ ಅದು ಸುಡುತ್ತದೆ. ಕೆಲಸ ಮುಗಿದ ಮೇಲೆ ಆಮ್ಲಜನಕವಾಗುತ್ತದೆ, ಸಿಹಿನೀರಿನಲ್ಲಿ ಕ್ಲೋರಿನ್‌ನಂತೆ ದಿನಗಟ್ಟಲೆ ಉಳಿಯುವುದಿಲ್ಲ. ಗುಣವೂ ಇದೇ, ಮಿತಿಯೂ ಇದೇ. ಅದಕ್ಕೆ ವೈರಿ ಯಾರು, ಕಸ ಯಾವುದು ಎಂಬ ಭೇದವಿಲ್ಲ. ಮೊದಲು ಸಿಕ್ಕಿದ್ದರ ಮೇಲೆ ಖರ್ಚಾಗಿಬಿಡುತ್ತದೆ.

ಒಂದು ಎಕರೆ ಹೊಂಡ, ನಾಲ್ಕಡಿ ನೀರು ಎಂದರೆ ಸುಮಾರು 49 ಲಕ್ಷ ಲೀಟರ್. ಲೀಟರಿಗೆ ಒಂದೇ ಒಂದು ಮಿಲಿಗ್ರಾಂ ಓಝೋನ್ ಕೊಡಬೇಕೆಂದರೂ ಬೇಕಾದದ್ದು 4.9 ಕಿಲೋ. ಗಂಟೆಗೆ 20 ಗ್ರಾಂ ಕೊಡುವ ಜನರೇಟರ್ ಇಟ್ಟರೆ 245 ಗಂಟೆ, ಹತ್ತು ಹಗಲು ಹತ್ತು ರಾತ್ರಿ ಬಿಡದೆ ಓಡಬೇಕು. ಓಝೋನ್ ನೀರಿನಲ್ಲಿ ಬಾಳುವುದು ನಿಮಿಷಗಳ ಲೆಕ್ಕದಲ್ಲಿ. ಪಾಚಿ, ಮೇವಿನ ಚೂರು, ಹಿಕ್ಕೆ, ಕೆಸರು ತುಂಬಿದ ಹಸಿರು ನೀರಿಗಂತೂ ಒಂದು ಮಿಲಿಗ್ರಾಂ ಎಲ್ಲಿಗೂ ಸಾಲದು. ಇ.ಎಚ್.ಪಿ. ಬೀಜಕಗಳು ತಳದ ಕೆಸರಿನಲ್ಲಿ ಮತ್ತು ಸಿಗಡಿಯ ಯಕೃತ್ತಿನಂಥ ಅಂಗದೊಳಗೆ ಕೂತಿರುತ್ತವೆ, ಅಲ್ಲಿಗೆ ನೀರಿನ ಓಝೋನ್ ತಲುಪುವುದೇ ಇಲ್ಲ. ಬೆಳೆ ನಿಂತ ಹೊಂಡಕ್ಕೆ ಓಝೋನ್ ಮದ್ದು ಎನ್ನುವ ಮಾತು ಈ ಗುಣಾಕಾರದಲ್ಲೇ ಮುಗಿಯುತ್ತದೆ.

ಥಾಯ್ಲೆಂಡಿನ ಚುಲಾಲಾಂಗ್‌ಕೋರ್ನ್ ವಿಶ್ವವಿದ್ಯಾಲಯ ಮತ್ತು ಅದರ ಜೊತೆಗಾರರು 2021ರಿಂದ ಪ್ರಕಟಿಸಿದ ಕೆಲಸ ಈ ಕ್ಷೇತ್ರದಲ್ಲಿ ನಾನು ಹೆಚ್ಚು ಗೌರವದಿಂದ ನೋಡುವಂಥದು, ಏಕೆಂದರೆ ಅವರು ಮಿತಿಯನ್ನೂ ಮುಚ್ಚಿಡದೆ ಬರೆದರು. 50 ಲೀಟರ್ ತೊಟ್ಟಿಯ ತಿಳಿನೀರಿನಲ್ಲಿ ಹತ್ತು ನಿಮಿಷ ಓಝೋನ್ ನ್ಯಾನೋಗುಳ್ಳೆ ಹಾಯಿಸಿದಾಗ ತಿಲಾಪಿಯಾ ಮೀನಿಗೆ ರೋಗ ತರುವ ಸ್ಟ್ರೆಪ್ಟೊಕಾಕಸ್, ಏರೋಮೋನಾಸ್ ಬ್ಯಾಕ್ಟೀರಿಯಗಳು ಶೇಕಡಾ 96ಕ್ಕಿಂತಲೂ ಹೆಚ್ಚು ಇಳಿದವು. ಮೀನು ಸಾಕಿದ, ಸಾವಯವ ಕಸ ಇದ್ದ ನೀರಿನಲ್ಲಿ ಮೊದಲ ಸುತ್ತಿನ ಪರಿಣಾಮ ಕುಗ್ಗಿತು. ಮತ್ತೆ ಮತ್ತೆ ಹಾಯಿಸಬೇಕಾಯಿತು. ಆದರೆ ಮತ್ತೆ ಮತ್ತೆ ಒಡ್ಡಿದ ಮೀನುಗಳ ಕಿವಿರಿನಲ್ಲಿ ಹಾನಿಯ ಗುರುತು ಕಂಡವು. ಇದೇ ಗುಂಪು ಓಝೋನ್ ನ್ಯಾನೋಗುಳ್ಳೆಗೆ ಒಡ್ಡಿದ ಮೀನುಗಳಲ್ಲಿ ಸಹಜ ರೋಗನಿರೋಧಕ ವಂಶವಾಹಿಗಳು ಚುರುಕಾಗುವುದನ್ನೂ, ಆಮೇಲೆ ಸೋಂಕು ಹಾಕಿದಾಗ ಹೆಚ್ಚು ಮೀನು ಬದುಕಿದ್ದನ್ನೂ ತೋರಿಸಿತು. ಇದು ಕುತೂಹಲದ ಸುದ್ದಿ. ಆದರೆ ತೊಟ್ಟಿ ಐವತ್ತು ಲೀಟರಿನದು, ನಮ್ಮ ಹೊಂಡ ಲಕ್ಷಗಟ್ಟಲೆ ಲೀಟರಿನದು ಎಂಬುದನ್ನು ಮರೆತು ಕರಪತ್ರಕ್ಕೆ ಆ 96 ಅನ್ನು ಮಾತ್ರ ಎತ್ತಿಕೊಳ್ಳುವುದು ರೈತನಿಗೆ ಮಾಡುವ ಅನ್ಯಾಯ.

ಉಪ್ಪುನೀರಿನಲ್ಲಿ ಇನ್ನೊಂದು ತೊಡಕಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 65 ಮಿಲಿಗ್ರಾಂ ಬ್ರೋಮೈಡ್ ಇರುತ್ತದೆ. ಓಝೋನ್ ಅದನ್ನು ಹೈಪೋಬ್ರೋಮಸ್ ಆಮ್ಲವಾಗಿ, ಮುಂದೆ ಬ್ರೋಮೇಟ್ ಆಗಿ ಬದಲಿಸುತ್ತದೆ. ಇವು ಓಝೋನ್‌ನಂತೆ ನಿಮಿಷಗಳಲ್ಲಿ ಮಾಯವಾಗುವುದಿಲ್ಲ, ಮರಿಗಳಿಗೆ ವಿಷ. ಕುಮಟಾ, ಅಂಕೋಲಾ, ಕುಂದಾಪುರದ ಕಡೆ ಅಳಿವೆಯಿಂದ ನೀರು ತುಂಬಿಕೊಳ್ಳುವವರಿಗೆ ಇದು ನೇರವಾಗಿ ಅನ್ವಯಿಸುವ ಮಾತು: ಮಳೆಗಾಲದ ಕೆನ್ನೀರಿನಲ್ಲಿ ಓಝೋನ್ ಮಣ್ಣಿನ ಮೇಲೆ ಖರ್ಚಾಗುತ್ತದೆ, ಬೇಸಿಗೆಯ ಉಪ್ಪುನೀರಿನಲ್ಲಿ ಬ್ರೋಮೈಡಿನ ಮೇಲೆ. ಸಿಹಿನೀರಿನಲ್ಲೂ ಸಡಿಲ ಬಿಡುವಂತಿಲ್ಲ. ರೇನ್‌ಬೋ ಟ್ರೌಟ್ ಮೀನಿನ ಮೇಲೆ 1979ರಲ್ಲಿ ವೆಡೆಮೆಯರ್ ಮತ್ತು ಸಂಗಡಿಗರು ನಡೆಸಿದ ಪರೀಕ್ಷೆಯಲ್ಲಿ ಲೀಟರಿಗೆ 9.3 ಮೈಕ್ರೋಗ್ರಾಂ ಓಝೋನ್ ನಾಲ್ಕು ದಿನದಲ್ಲಿ ಅರ್ಧದಷ್ಟು ಮೀನುಗಳನ್ನು ಕೊಂದಿತು. ರೋಗಾಣು ಕೊಲ್ಲಲು ಬೇಕಾದ ಪ್ರಮಾಣ ಇದರ ನೂರು ಪಟ್ಟಿನ ಹತ್ತಿರ. ಆದ್ದರಿಂದ ಮೀನಿರುವ ನೀರಿಗೆ ನೇರ ಓಝೋನ್ ಅಲ್ಲ. ಮೀನಿಲ್ಲದ ಕಡೆ ಹಾಯಿಸಿ, ಉಳಿಕೆ ಕಳೆದ ಮೇಲೆ ಮೀನಿಗೆ ಬಿಡಬೇಕು.

ಹಾಗೆ ಬಳಸಿದ ಕಡೆಯೆಲ್ಲ ಓಝೋನ್ ತನ್ನ ಯೋಗ್ಯತೆ ತೋರಿಸಿದೆ. ನೀರನ್ನು ಸೋಸಿ ಮತ್ತೆ ಮತ್ತೆ ಬಳಸುವ ಮರುಚಲಾವಣೆಯ ಘಟಕಗಳಲ್ಲಿ ಇದು ಈಗ ಹಳೆಯ, ನೆಲೆಯೂರಿದ ತಂತ್ರ. ಅಮೆರಿಕದ ವೆಸ್ಟ್ ವರ್ಜೀನಿಯಾದ ಫ್ರೆಶ್‌ವಾಟರ್ ಇನ್‌ಸ್ಟಿಟ್ಯೂಟ್‌ನ ಸಂಶೋಧಕರು ವರ್ಷಗಟ್ಟಲೆ ತೋರಿಸಿದಂತೆ, ಅಲ್ಲಿ ಓಝೋನ್‌ನ ದೊಡ್ಡ ಉಪಕಾರ ರೋಗಾಣು ಕೊಲ್ಲುವುದಕ್ಕಿಂತ ನೀರನ್ನು ತಿಳಿಗೊಳಿಸುವುದರಲ್ಲಿದೆ: ಸೋಸುಬಲೆಗೆ ಸಿಗದ ಅತಿ ಸಣ್ಣ ಕಣಗಳು ಗಂಟುಕಟ್ಟುತ್ತವೆ, ನೈಟ್ರೈಟ್ ಇಳಿಯುತ್ತದೆ, ಚಹಾ ಬಣ್ಣದ ನೀರು ತಿಳಿಯಾಗುತ್ತದೆ. ನಾರ್ವೆಯಲ್ಲಿ ಹ್ಯಾಲಿಬಟ್ ಮೀನಿನ ಮೊಟ್ಟೆಗಳನ್ನು ಓಝೋನ್ ಬೆರೆಸಿದ ಸಮುದ್ರದ ನೀರಿನಲ್ಲಿ ನಿಮಿಷಕ್ಕೂ ಕಡಿಮೆ ಹೊತ್ತು ಅದ್ದಿ ತೆಗೆದರೆ ನೋಡಾವೈರಸ್ ನಿಷ್ಕ್ರಿಯವಾಗುತ್ತದೆ, ಮರಿಗಳು ಹೆಚ್ಚು ಬದುಕುತ್ತವೆ ಎಂದು 2000ರಲ್ಲಿ ವರದಿಯಾಯಿತು. ಹಸಿಯಾಗಿ ತಿನ್ನುವ ಸಿಂಪಿ, ಚಿಪ್ಪಿಕಲ್ಲುಗಳನ್ನು ಮಾರುವ ಮುನ್ನ ಶುದ್ಧ ನೀರಿನ ತೊಟ್ಟಿಯಲ್ಲಿ ಇರಿಸುವಾಗಲೂ ಆ ನೀರನ್ನು ಓಝೋನ್‌ನಿಂದ ಶುದ್ಧಮಾಡುವ ರೂಢಿ ಹಲವು ದೇಶಗಳಲ್ಲಿದೆ. ಈ ಎಲ್ಲ ಜಾಗಗಳಲ್ಲೂ ನೀರು ಕಡಿಮೆ, ಸೋಸಿದ್ದು, ಅಳತೆ ಕೈಯಲ್ಲಿದೆ.

ಕರ್ನಾಟಕದ ಒಳನಾಡಿನಲ್ಲಿ ಪ್ರಧಾನಮಂತ್ರಿ ಮತ್ಸ್ಯಸಂಪದ ಯೋಜನೆಯ ನೆರವಿನಲ್ಲಿ 2020ರ ನಂತರ ಮರುಚಲಾವಣೆಯ ಘಟಕಗಳೂ ಬಯೋಫ್ಲಾಕ್ ತೊಟ್ಟಿಗಳೂ ಬಂದಿವೆ. ಎರಡಕ್ಕೂ ಒಂದೇ ಯಂತ್ರ ಹೊಂದುವುದಿಲ್ಲ. ಬಯೋಫ್ಲಾಕ್ ಎಂದರೆ ಬೆಲ್ಲ ಹಾಕಿ ಬ್ಯಾಕ್ಟೀರಿಯಗಳನ್ನು ಬೆಳೆಸಿ, ಅವುಗಳಿಂದ ಅಮೋನಿಯಾ ತಿನ್ನಿಸಿ, ಅವುಗಳ ಗುಚ್ಛವನ್ನೇ (ಫ್ಲಾಕ್) ಮೀನಿಗೆ ಮೇವಾಗಿಸುವ ವಿಧಾನ. ಅಲ್ಲಿ ಓಝೋನ್ ಹಾಯಿಸುವುದು ಸಾಕಿದ ಬ್ಯಾಕ್ಟೀರಿಯವನ್ನೇ ಕೊಂದಂತೆ. ಆಮ್ಲಜನಕದ ಸೂಕ್ಷ್ಮಗುಳ್ಳೆ ಅಲ್ಲಿ ಪ್ರಯೋಜನಕ್ಕೆ ಬಂದೀತು, ಫ್ಲಾಕ್ ತಳಕ್ಕಿಳಿಯದಂತೆ ಕಲಕುವ ಬ್ಲೋವರ್ ಮಾತ್ರ ಜೊತೆಗಿರಲೇಬೇಕು.

ಜಾನುವಾರುಗಳ ಕಡೆ ಪುರಾವೆ ತೆಳುವಾಗಿದೆ, ಆದರೆ ಬಳಕೆಯ ಜಾಗ ಸ್ಪಷ್ಟವಾಗಿದೆ. ಬ್ರಾಯ್ಲರ್ ಕೋಳಿ ಶೆಡ್ಡಿನಲ್ಲಿ ಕುಡಿಯುವ ನೀರು ಒಯ್ಯುವ ನಿಪ್ಪಲ್ ಲೈನನ್ನು ಒಂದು ಬ್ಯಾಚ್ ಮುಗಿದ ಮೇಲೆ ಕತ್ತರಿಸಿ ಒಳಗೆ ಬೆರಳಾಡಿಸಿದರೆ ಕಂದು ಬಣ್ಣದ ಲೋಳೆ ಅಂಟುತ್ತದೆ. ಮೊದಲ ವಾರ ಮರಿಗಳಿಗೆ ಬೆಲ್ಲದ ನೀರು, ವಿಟಮಿನ್, ಬೋರ್‌ವೆಲ್‌ನ ಕಬ್ಬಿಣ, ಬ್ರೂಡರಿನ ಬಿಸಿ ಎಲ್ಲವೂ ಸೇರಿ ಆ ಲೋಳೆಯನ್ನು ಬೆಳೆಸುತ್ತವೆ, ಇ. ಕೋಲಿ, ಸಾಲ್ಮೊನೆಲ್ಲಾ ಅದರೊಳಗೆ ಅಡಗಿರುತ್ತವೆ. ಎರಡು ಬ್ಯಾಚುಗಳ ನಡುವೆ ಶೆಡ್ ಖಾಲಿ ಇರುವಾಗ ಲೈನನ್ನು ಒತ್ತಡದ ನೀರಿನಿಂದ ತೊಳೆದು, ಆಮೇಲೆ ಓಝೋನ್ ನೀರು ಹಾಯಿಸಿದರೆ ಒಳ್ಳೆಯ ಕೆಲಸವಾಗುತ್ತದೆ. ಕೋಳಿ ಇರುವಾಗ ಹಾಯಿಸುವವರು ಒಂದು ದಿನವನ್ನು ಮರೆಯಬಾರದು: ಕೊಕ್ಕರೆ ರೋಗದ, ಗಂಬೋರೊದ ಜೀವಂತ ಲಸಿಕೆಯನ್ನು ಕುಡಿಯುವ ನೀರಿನಲ್ಲಿ ಕೊಡುವ ದಿನ. ಓಝೋನ್ ಆಗಲಿ ಕ್ಲೋರಿನ್ ಆಗಲಿ ಲಸಿಕೆಯ ವೈರಸ್ಸನ್ನೇ ಸಾಯಿಸುತ್ತದೆ. ಲಸಿಕೆ ಹಾಕಿದ್ದೇವೆಂಬ ಧೈರ್ಯದಲ್ಲಿರುವಾಗಲೇ ಶೆಡ್ಡಿಗೆ ರೋಗ ಬರುತ್ತದೆ.

ಹೈನುಗಾರಿಕೆಯಲ್ಲಿ ಹಾಲಿನ ಕ್ಯಾನು, ಕರೆಯುವ ಯಂತ್ರ, ಶೀತಲೀಕರಣ ಟ್ಯಾಂಕುಗಳಿಗೆ ತಣ್ಣನೆಯ ಓಝೋನ್ ನೀರು ಕೊನೆಯ ತೊಳೆತಕ್ಕೆ ಸರಿಹೊಂದುತ್ತದೆ. ಕೊನೆಯದಕ್ಕೆ ಮಾತ್ರ. ಹಾಲಿನ ಜಿಡ್ಡು, ಪ್ರೋಟೀನು ಹೋಗಬೇಕಾದರೆ ಬಿಸಿನೀರು, ಕ್ಷಾರದ ಪುಡಿಯೇ ಬೇಕು. ಜಿಡ್ಡಿನ ಮೇಲೆ ಓಝೋನ್ ಹಾಯಿಸಿದರೆ ಅದು ಜಿಡ್ಡಿನಲ್ಲೇ ಮುಗಿಯುತ್ತದೆ. ಇನ್ನೊಂದು ಸಣ್ಣ ಸಂಗತಿ ದೊಡ್ಡ ನಷ್ಟ ಮಾಡಬಲ್ಲದು. ಓಝೋನ್ ರಬ್ಬರನ್ನು ಸೀಳುತ್ತದೆ. ಮೊಲೆತೊಟ್ಟಿಗೆ ಹಾಕುವ ಲೈನರುಗಳು ಹೆಚ್ಚಾಗಿ ರಬ್ಬರಿನವು. ಅವುಗಳ ಒಳಮೈಯಲ್ಲಿ ಕೂದಲೆಳೆಯಂಥ ಬಿರುಕು ಬಂದರೆ ಬ್ಯಾಕ್ಟೀರಿಯಗಳು ಅಲ್ಲೇ ನೆಲೆಸಿ, ಕೆಚ್ಚಲು ಬಾವನ್ನು ಒಂದು ಹಸುವಿನಿಂದ ಇನ್ನೊಂದಕ್ಕೆ ದಾಟಿಸುತ್ತವೆ. ಸಿಲಿಕೋನ್ ಲೈನರ್ ತಡೆಯುತ್ತದೆ. ಕೆಚ್ಚಲು ಬಾವಿಗೇ ಓಝೋನ್ ಚಿಕಿತ್ಸೆಯ ಮಾತೂ ಇದೆ: ಜಪಾನಿನಲ್ಲಿ 2000ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕೆಚ್ಚಲಿನೊಳಗೆ ಓಝೋನ್ ಅನಿಲ ಬಿಟ್ಟ 15 ಹಸುಗಳಲ್ಲಿ 9 ಆಂಟಿಬಯಾಟಿಕ್ ಇಲ್ಲದೆ ಚೇತರಿಸಿಕೊಂಡವು. ಇದು ಪಶುವೈದ್ಯರ ಕೈಯ ಕೆಲಸ, ಪ್ರಯೋಗವೂ ಚಿಕ್ಕದು. ಮನೆಯಲ್ಲಿ ಓಝೋನ್ ನೀರು ಹೊಡೆದು ನೋಡುವಂಥದಲ್ಲ. ನ್ಯಾನೋಗುಳ್ಳೆ ನೀರು ಕುಡಿದ ಹಸು ಹೆಚ್ಚು ಹಾಲು ಕೊಡುತ್ತದೆ ಎಂಬುದಕ್ಕೆ, ಮೇಲಿನ 0.002 ಮಿಲಿಗ್ರಾಮನ್ನು ನೆನಪಿಟ್ಟುಕೊಂಡರೆ, ಆಧಾರ ಹುಡುಕುವುದು ಕಷ್ಟ. ಹಸುವಿನ ದೊಡ್ಡ ಹೊಟ್ಟೆ ಆಮ್ಲಜನಕವಿಲ್ಲದೆ ನಡೆಯುವ ಹುದುಗುವಿಕೆಯ ಜಾಗ. ಅಲ್ಲಿಗೆ ಆಮ್ಲಜನಕ ಒಯ್ಯುವುದರಿಂದ ಏನು ಲಾಭ ಎಂದು ಮಾರುವವರೇ ಹೇಳಬೇಕು.

ಕೆಲಸ ಮಾಡುವವರ ಸುರಕ್ಷೆಯ ಮಾತು ಕರಪತ್ರಗಳಲ್ಲಿ ಕಾಣುವುದಿಲ್ಲ. ಗಾಳಿಯಲ್ಲಿ ಓಝೋನ್ ಹತ್ತು ಲಕ್ಷಕ್ಕೆ 0.1 ಭಾಗ ಮೀರಿದ ಜಾಗದಲ್ಲಿ ಎಂಟು ಗಂಟೆ ದುಡಿಸಬಾರದು ಎಂಬುದು ಅಮೆರಿಕದ ಕಾರ್ಮಿಕ ಸುರಕ್ಷಾ ನಿಯಮ. ಅದರ ಚುರುಕು ವಾಸನೆ ಅದಕ್ಕಿಂತ ಕಡಿಮೆಯಲ್ಲೇ ಮೂಗಿಗೆ ಬರುತ್ತದೆ, ಸ್ವಲ್ಪ ಹೊತ್ತಿಗೆ ಮೂಗು ಒಗ್ಗಿಹೋಗುತ್ತದೆ. ಹ್ಯಾಚರಿಯ ಮುಚ್ಚಿದ ಕೋಣೆಯಲ್ಲಿ ರಾತ್ರಿ ಪಾಳಿಯ ಹುಡುಗರು ಉಸಿರಾಡುವ ಗಾಳಿ ಇದು. ಕರಾವಳಿಯ ತೇವದ ಗಾಳಿಯಿಂದ ನೇರವಾಗಿ ಓಝೋನ್ ಮಾಡುವ ಅಗ್ಗದ ಯಂತ್ರಗಳಲ್ಲಿ ಉತ್ಪತ್ತಿ ಕುಸಿಯುವುದಲ್ಲದೆ ಒಳಗೆ ನೈಟ್ರಿಕ್ ಆಮ್ಲ ಕಟ್ಟಿ ಎಲೆಕ್ಟ್ರೋಡು ತಿಂದುಹೋಗುತ್ತದೆ. ಗಾಳಿ ಒಣಗಿಸುವ ಸಾಧನ ಇಲ್ಲದ ಯಂತ್ರವನ್ನು ಕುಮಟಾದಲ್ಲೋ ಮಲ್ಪೆಯಲ್ಲೋ ಕೊಳ್ಳಬಾರದು.

ನಮಗೆ ಕೊರತೆ ಇರುವುದು ಹೊಂಡದ ಮಟ್ಟದ ಪರೀಕ್ಷೆಯದು. ಮಂಗಳೂರಿನ ಮೀನುಗಾರಿಕೆ ಕಾಲೇಜು 1969ರಲ್ಲಿ ಶುರುವಾದದ್ದು, ದೇಶದ ಮೊದಲನೆಯದು. ಉಪ್ಪುನೀರಿನ ಕೃಷಿಗೆ ಚೆನ್ನೈನಲ್ಲಿ ಕೇಂದ್ರ ಸಂಸ್ಥೆಯೇ ಇದೆ. ಇಂಥ ಸಂಸ್ಥೆಗಳು ಹೀಗೊಂದು ಪರೀಕ್ಷೆ ನಡೆಸಲಿ: ಒಂದೇ ಹ್ಯಾಚರಿಯ ಮರಿ, ಒಂದೇ ಮೇವು, ಒಂದೇ ಅಳಿವೆಯ ನೀರು ಇರುವ ಜೋಡಿ ಹೊಂಡಗಳಲ್ಲಿ ಒಂದಕ್ಕೆ ಪ್ಯಾಡಲ್ ವೀಲ್ ಮಾತ್ರ, ಇನ್ನೊಂದಕ್ಕೆ ಅಷ್ಟೇ ವಿದ್ಯುತ್ತಿನ ಪ್ಯಾಡಲ್ ವೀಲ್ ಮತ್ತು ನ್ಯಾನೋಗುಳ್ಳೆ. ಓಝೋನ್ ಪರೀಕ್ಷಿಸುವಲ್ಲಿ ಆಮ್ಲಜನಕದ ಗುಳ್ಳೆಯಷ್ಟೇ ಇರುವ ಮೂರನೆಯ ಹೊಂಡ. ಏಕೆಂದರೆ ಆಮ್ಲಜನಕದಿಂದ ಓಝೋನ್ ಮಾಡುವ ಯಂತ್ರದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಆಮ್ಲಜನಕವಾಗಿಯೇ ಹೊರಬರುತ್ತದೆ, ಮೀನು ಚೆನ್ನಾಗಿದ್ದರೆ ಶ್ರೇಯಸ್ಸು ಯಾರದು ಎಂದು ತಿಳಿಯಬೇಕು. ಬದುಕಿದ ಪ್ರಮಾಣ, ಕಿಲೋಗೆ ತಿಂದ ಮೇವು, ಸುಟ್ಟ ಯೂನಿಟ್ಟು, ಈ ಮೂರನ್ನೂ ಬರೆದಿಟ್ಟು ಕನ್ನಡದಲ್ಲಿ ಪ್ರಕಟಿಸಿದರೆ ಸಾಕು.

ಅದು ಆಗುವತನಕ ಯಂತ್ರ ಬೇಕೆನ್ನುವವರು ಕೊಳ್ಳುವ ಬದಲು ಒಂದು ಬೆಳೆಗೆ ಬಾಡಿಗೆಗೆ ಕೇಳಲಿ. ಯಂತ್ರಕ್ಕೆ ಬೇರೆ ವಿದ್ಯುತ್ ಮೀಟರ್ ಹಾಕಿಸಲಿ, ಬೆಳಗಿನ ಜಾವ ಐದಕ್ಕೆ ಕರಗಿದ ಆಮ್ಲಜನಕ ಅಳೆಯುವ ತಮ್ಮದೇ ಡಿ.ಓ. ಮೀಟರಿನಲ್ಲಿ ಪಕ್ಕದ ಹೊಂಡದ ಜೊತೆ ಹೋಲಿಸಿ ಬರೆದುಕೊಳ್ಳಲಿ. ಓಝೋನ್ ಆದರೆ ನೀರಿನ ಉತ್ಕರ್ಷಕ ಬಲ ಅಳೆಯುವ ಓ.ಆರ್.ಪಿ. ಮೀಟರ್ ಮತ್ತು ಮಿತಿ ಮೀರಿದಾಗ ತಾನೇ ಆರುವ ವ್ಯವಸ್ಥೆ ಜೊತೆಗೆ ಬರಬೇಕು ಎಂದು ಒಪ್ಪಂದದಲ್ಲೇ ಬರೆಸಲಿ, ಬಾಡಿಗೆಯ ಅರ್ಧ ಹಣ ಸಿಗಡಿ ಹಿಡಿದು ತೂಗಿದ ಮೇಲೆ ಎಂದೂ ಸೇರಿಸಲಿ.